ಓದುಗರ ಪ್ರಶ್ನೆ, ನಮ್ಮ ಉತ್ತರ: ಕಿಟಕಿಯ ಗಾಜಿನಲ್ಲಿ ಸಂತರ ಚರಿತ್ರೆ

ಮೈಸೂರಿನ ಸಂತ ಫಿಲೋಮಿನಾ ಕೆಥೆಡ್ರಲ್‌ನ ಬಣ್ಣದ ಗಾಜಿನ ಕಿಟಕಿಗಳನ್ನು ಕುರಿತು ಹಿಂದಿನ ಸಂಚಿಕೆಯಲ್ಲಿ ಒಂದು ಸಚಿತ್ರ ಲೇಖನ ಪ್ರಕಟವಾಗಿತ್ತು. ಈ ಕಲೆ ಯುರೋಪಿನ ಮಧ್ಯಯುಗದ ಚರ್ಚುಗಳಲ್ಲಿ ಬೆಳೆದದ್ದೆಂದೂ ಸಂತರ ಜೀವನಚರಿತ್ರೆಗಳು ಅದರ ಮುಖ್ಯ ವಸ್ತುಗಳಲ್ಲಿ ಒಂದಾಗಿದ್ದವೆಂದೂ ಅದರಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗಲಾಗಿತ್ತು. ಆ ವಾಕ್ಯದ ಬೆನ್ನು ಹತ್ತಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಡಗಿನಿಂದ ಬಂದಿವೆ. ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಬೈಬಲಿನಲ್ಲಿ ಮಾತೆ ಮರಿಯಮ್ಮನವರ ತಾಯಿಯ ಹೆಸರೇ ಬರುವುದಿಲ್ಲವೆಂದು ಓದಿದ್ದೇನೆ. ಆದರೆ ನಮ್ಮ ಊರಿನ ದೊಡ್ಡ ದೇವಾಲಯ ಸಂತ ಅನ್ನಮ್ಮನವರದು. ಮಧ್ಯಯುಗದ ಗಾಜಿನ ಕಿಟಕಿಗಳಲ್ಲಿ ಅನ್ನಮ್ಮನವರಿಗೆ ಸ್ಥಾನವಿತ್ತೇ?
ನಿವೃತ್ತ ಅಧ್ಯಾಪಕಿ, ವಿರಾಜಪೇಟೆ

ಉತ್ತರ: ಸ್ಥಾನವಿತ್ತು, ಅದೂ ಬಹಳ ದೊಡ್ಡ ಸ್ಥಾನ. ನೀವು ಓದಿದ್ದು ಸರಿ. ಅನ್ನಮ್ಮ ಮತ್ತು ಆಕೆಯ ಪತಿ ಜೋಕಿಮರ ಕಥೆ ಬರುವುದು ಬೈಬಲಿನಲ್ಲಿ ಅಲ್ಲ, 2ನೇ ಶತಮಾನದಲ್ಲಿ ರಚಿತವಾಗಿ ಯಾಕೋಬನ ಹೆಸರಿನಲ್ಲಿ ಪ್ರಚಾರಕ್ಕೆ ಬಂದ ಒಂದು ಗ್ರಂಥದಲ್ಲಿ. ಮಕ್ಕಳಿಲ್ಲದವನೆಂಬ ಕಾರಣಕ್ಕೆ ಜೋಕಿಮರ ಕಾಣಿಕೆಗೆ ದೇವಾಲಯದಲ್ಲಿ ಅವಮಾನವಾಗುವುದು, ಅವರು ನೊಂದು ನಿರ್ಜನ ಪ್ರದೇಶಕ್ಕೆ ಹೊರಟುಹೋಗುವುದು, ಇತ್ತ ಅನ್ನಮ್ಮ ಒಬ್ಬರೇ ಮನೆಯಲ್ಲಿ ಮೊರೆಯಿಡುವುದು, ಇಬ್ಬರಿಗೂ ಬೇರೆ ಬೇರೆಯಾಗಿ ದೇವದೂತ ಕಾಣಿಸಿಕೊಂಡು ಮಗು ಹುಟ್ಟುವ ಸುದ್ದಿ ಹೇಳುವುದು, ಕೊನೆಗೆ ಊರ ಬಾಗಿಲಿನ ಬಳಿ ದಂಪತಿ ಮತ್ತೆ ಸೇರುವುದು, ಇವೆಲ್ಲ ಆ ಗ್ರಂಥದಿಂದ ಬಂದು ಚಿತ್ರಕಾರರ ಕೈಸೇರಿದವು.

ಫ್ರಾನ್ಸಿನ ಶಾರ್ತ್ರ್ ಎಂಬ ಊರಿನ ಕೆಥೆಡ್ರಲ್‌ನ ಉತ್ತರದ ಗೋಡೆಯಲ್ಲಿ, ಚಕ್ರಾಕಾರದ ದೊಡ್ಡ ಗುಲಾಬಿ ಕಿಟಕಿಯ ಕೆಳಗೆ ಎತ್ತರವಾದ ಐದು ಕಿಟಕಿಗಳಿವೆ. ಇವು 1230ರ ದಶಕದ ಆಸುಪಾಸಿನವು. ಎಡಬಲಗಳಲ್ಲಿ ಬೈಬಲಿನ ಹಳೆಯ ಒಡಂಬಡಿಕೆಯ ಅರಸರೂ ಯಾಜಕರೂ ಆದ ಮೆಲ್ಕಿಸೆದೆಕ, ದಾವೀದ, ಸೊಲೊಮೋನ, ಆರೋನ ನಿಂತಿದ್ದಾರೆ. ನಟ್ಟನಡುವೆ, ಸಾಮಾನ್ಯವಾಗಿ ಕ್ರಿಸ್ತನಿಗೋ ಮರಿಯಮ್ಮನವರಿಗೋ ಸಲ್ಲುವ ಜಾಗದಲ್ಲಿ, ಹಸುಗೂಸು ಮರಿಯಳನ್ನು ಎತ್ತಿಕೊಂಡ ಅನ್ನಮ್ಮ ನಿಂತಿದ್ದಾರೆ. ಅವರ ಮುಖದ ಗಾಜು ಕಂದುಬಣ್ಣದ್ದು. ಉಳಿದ ನಾಲ್ವರ ಕಾಲಡಿಯಲ್ಲಿ ನೆಬೂಕದ್ನೆಚ್ಚರ, ಸೌಲ, ಯಾರೊಬ್ಬಾಮ, ಫರೋಹ ಎಂಬ ದುಷ್ಟ ದೊರೆಗಳಿದ್ದರೆ, ಅನ್ನಮ್ಮನವರ ಕಾಲಡಿಯಲ್ಲಿರುವುದು ಫ್ರಾನ್ಸಿನ ರಾಜವಂಶದ ಹೂವಿನ ಲಾಂಛನ. ಗುಲಾಬಿ ಕಿಟಕಿಯ ಸುತ್ತಮುತ್ತ ಅದೇ ಹೂವಿನ ಜೊತೆಗೆ ಸ್ಪೇನಿನ ಕಾಸ್ಟೀಲ್ ವಂಶದ ಕೋಟೆಯ ಲಾಂಛನವೂ ಮತ್ತೆ ಮತ್ತೆ ಬರುತ್ತದೆ. ರಾಜಮಾತೆ ಬ್ಲಾಂಷ್ ಕಾಸ್ಟೀಲ್ ವಂಶದವಳು. ಕಿಟಕಿಯ ದಾನಿಗಳು ಯಾರೆಂಬುದನ್ನು ಈ ಲಾಂಛನಗಳು ಸಾರುತ್ತವೆ.

ಅನ್ನಮ್ಮನಿಗೆ ಅಲ್ಲಿ ಅಷ್ಟು ಗೌರವ ಏಕೆ ಎಂದರೆ, 1204ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರವನ್ನು ಕ್ರುಸೇಡಿನ ಯೋಧರು ಲೂಟಿ ಮಾಡಿದ ಮೇಲೆ, ಅವರಲ್ಲೊಬ್ಬನಾದ ಬ್ಲ್ವಾ ಪ್ರಾಂತದ ಒಡೆಯ ಲೂಯಿ ಎಂಬಾತನ ಮೂಲಕ ಅನ್ನಮ್ಮನವರದೆಂದು ನಂಬಲಾದ ಶಿರಸ್ಸಿನ ಅವಶೇಷವು ಶಾರ್ತ್ರ್‌ಗೆ ಬಂದು ಸೇರಿತು. ಮರಿಯಮ್ಮನ ಉಡುಪಿನ ಅವಶೇಷವನ್ನು ಮೊದಲೇ ಹೊಂದಿದ್ದ ಆ ಕ್ಷೇತ್ರಕ್ಕೆ ಮಗಳ ಜೊತೆಗೆ ತಾಯಿಯೂ ದೊರೆತಂತಾಯಿತು. ಮಧ್ಯಯುಗದ ಕಿಟಕಿಯಲ್ಲಿ ಒಬ್ಬ ಸಂತರನ್ನು ಕಂಡಾಗ ಅವರು ಯಾರೆಂದು ಕೇಳಿದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಅವರು ಆ ಊರಿಗೆ ಹೇಗೆ ಬಂದರು, ಅವರಿಂದ ಆ ಊರಿಗೆ ಏನಾಗಬೇಕಿತ್ತು ಎಂದು ಕೇಳಿದಾಗಲೇ ಉಳಿದರ್ಧ ಹೊರಬರುತ್ತದೆ. ಮುಂದಿನ ಪತ್ರಗಳಿಗೆ ಉತ್ತರಿಸುವಾಗಲೂ ಈ ಮಾತು ಮತ್ತೆ ಬರಲಿದೆ.

ಪ್ರಶ್ನೆ: ನಮ್ಮ ಹಿರಿಯರು ಕೇರಳದಿಂದ ಬಂದು ಇಲ್ಲಿ ತೋಟ ಮಾಡಿದವರು. ಸಂತ ತೋಮಸರು ಭಾರತಕ್ಕೆ ಬಂದ ಕಥೆ ಫ್ರಾನ್ಸಿನ ಹಳೆಯ ಗಾಜಿನ ಕಿಟಕಿಗಳಲ್ಲಿ ಇದೆಯೆಂದು ಒಬ್ಬ ಗುರುಗಳು ಹೇಳಿದರು. ನಿಜವೇ? ಭಾರತವನ್ನು ಕಾಣದ ಕಲಾವಿದರು ಅದನ್ನು ಹೇಗೆ ಚಿತ್ರಿಸಿದರು?
ಕಾಫಿ ಬೆಳೆಗಾರರು, ಸಿದ್ದಾಪುರ

ಉತ್ತರ: ನಿಜ. ಶಾರ್ತ್ರ್ ಮತ್ತು ಬೂರ್ಜ್ ಕೆಥೆಡ್ರಲ್‌ಗಳಲ್ಲಿ 13ನೇ ಶತಮಾನದ ಆರಂಭದ ತೋಮಸರ ಕಿಟಕಿಗಳು ಇಂದಿಗೂ ಇವೆ. ಅವುಗಳ ಮೂಲವು 3ನೇ ಶತಮಾನದಲ್ಲಿ, ಬಹುಶಃ ಸಿರಿಯಾಕ್ ಭಾಷೆಯಲ್ಲಿ, ರಚಿತವಾದ ತೋಮಸರ ಚರಿತ್ರೆ. ಅದು ಲ್ಯಾಟಿನ್ ರೂಪಾಂತರಗಳ ಮೂಲಕ ಪಶ್ಚಿಮ ಯುರೋಪಿಗೆ ತಲುಪಿತ್ತು. ಕಥೆ ಸ್ವಾರಸ್ಯವಾಗಿರುವುದರಿಂದ ತುಸು ವಿವರವಾಗಿಯೇ ಹೇಳುತ್ತೇವೆ.

ಕ್ರಿಸ್ತನ ಶಿಷ್ಯರು ಚೀಟಿ ಹಾಕಿ ದೇಶಗಳನ್ನು ಹಂಚಿಕೊಂಡಾಗ ತೋಮಸರ ಪಾಲಿಗೆ ಭಾರತ ಬಂತು. ಅವರು ಹೋಗಲಾರೆನೆಂದು ಹಟ ಹಿಡಿದರು. ಆಗ ಭಾರತದ ಗುಂಡಫರ ಎಂಬ ಅರಸನು ಒಬ್ಬ ಒಳ್ಳೆಯ ಕುಶಲಕರ್ಮಿಯನ್ನು ಹುಡುಕಿ ತರಲು ಕಳುಹಿಸಿದ್ದ ವರ್ತಕನಿಗೆ ಕ್ರಿಸ್ತನೇ ತೋಮಸರನ್ನು ಮಾರಿಬಿಟ್ಟನು. ದಾರಿಯಲ್ಲಿ ಒಂದು ಪಟ್ಟಣದ ಅರಸನ ಮಗಳ ಮದುವೆಯೂಟ. ತೋಮಸರು ಏನನ್ನೂ ಮುಟ್ಟದೆ ಕುಳಿತಿದ್ದಾಗ ಪಾನಪಾತ್ರೆ ಹಿಡಿಯುವ ಸೇವಕನೊಬ್ಬ ಅವರ ಕೆನ್ನೆಗೆ ಹೊಡೆದನು. ನೀರು ತರಲು ಹೊರಗೆ ಹೋದ ಅವನನ್ನು ಸಿಂಹ ಕೊಂದಿತು. ಹೊಡೆದ ಆ ಕೈಯನ್ನು ನಾಯಿಯೊಂದು ಬಾಯಲ್ಲಿ ಕಚ್ಚಿಕೊಂಡು ಊಟದ ಪಂಕ್ತಿಗೇ ತಂದಿತು. ಸಂತರೆಂದರೆ ಶಾಂತಮೂರ್ತಿಗಳೆಂದು ಭಾವಿಸುವ ನಮಗೆ ಈ ಪ್ರಸಂಗ ಮುಜುಗರ ತರಬಹುದು. ಇದು ಕಲ್ಪಿತವೆಂದೂ ತ್ಯಾಜ್ಯವೆಂದೂ ಸಂತ ಅಗಸ್ಟೀನರೇ ಎಂಟು ಶತಮಾನ ಮೊದಲು ಆಕ್ಷೇಪಿಸಿದ್ದರು. ಆದರೂ ಕಿಟಕಿಯ ಕುಶಲಕರ್ಮಿಗಳು ಆ ನಾಯಿಯನ್ನು ಬಿಟ್ಟುಕೊಡಲಿಲ್ಲ.

ಮುಂದೆ ಗುಂಡಫರ ಅರಮನೆ ಕಟ್ಟಲೆಂದು ತೋಮಸರಿಗೆ ಅಪಾರ ಹಣ ಕೊಟ್ಟು ಊರಿನಿಂದ ಹೊರಟನು. ತೋಮಸರು ಅಷ್ಟನ್ನೂ ಬಡವರಿಗೆ ಹಂಚಿದರು. ಹಿಂತಿರುಗಿದ ಅರಸ ಅರಮನೆ ಎಲ್ಲಿ ಎಂದು ಕೇಳಿದಾಗ, ಅದು ಪರಲೋಕದಲ್ಲಿ ಸಿದ್ಧವಾಗಿದೆ ಎಂಬ ಉತ್ತರ ಬಂತು. ತೋಮಸರು ಸೆರೆಮನೆ ಸೇರಿದರು. ಅದೇ ಸಮಯಕ್ಕೆ ಅರಸನ ತಮ್ಮ ಗಾದ್ ತೀರಿಕೊಂಡು, ಪರಲೋಕದಲ್ಲಿ ಆ ಭವ್ಯ ಅರಮನೆಯನ್ನು ಕಂಡು, ಮರಳಿ ಜೀವ ತಳೆದು, ಅದನ್ನು ತನಗೆ ಮಾರಬೇಕೆಂದು ಅಣ್ಣನನ್ನೇ ಬೇಡಿಕೊಂಡನು. ಅರಸನಿಗೆ ವಿಷಯ ಅರ್ಥವಾಯಿತು.

ಇನ್ನು ಭಾರತದ ಚಿತ್ರಣ. ಬೂರ್ಜಿನ ಗಾಜಿನಲ್ಲಿ ನೀವು ಆನೆಯನ್ನೋ ತಾಳೆಮರವನ್ನೋ ಹುಡುಕಿದರೆ ನಿರಾಶೆಯಾಗುತ್ತದೆ. ಗುಂಡಫರನ ತಲೆಯ ಮೇಲೆ ಇರುವುದು ಫ್ರಾನ್ಸಿನ ದೊರೆಯ ಕಿರೀಟ. ಊಟದ ಮೇಜಿನ ಮೇಲಿನ ಬಟ್ಟೆ, ಬಟ್ಟಲುಗಳು ಕಲಾವಿದನ ಕಾಲದವು. ನಮ್ಮ ಕ್ಯಾಲೆಂಡರ್ ಚಿತ್ರಗಳಲ್ಲಿ ದಶರಥ ಮಹಾರಾಜ ಮೈಸೂರು ದರ್ಬಾರಿನ ಒಡವೆ ತೊಟ್ಟು ಕುಳಿತಿರುವುದಿಲ್ಲವೇ, ಇದೂ ಹಾಗೆಯೇ. ಅದನ್ನು ಬರಿಯ ಅಜ್ಞಾನವೆನ್ನುವುದು ನಮಗೆ ಒಪ್ಪಿಗೆಯಿಲ್ಲ. ಕೆಥೆಡ್ರಲ್ ಕಟ್ಟುವ ಕೆಲಸ ಪಕ್ಕದಲ್ಲೇ ನಡೆಯುತ್ತಿದ್ದಾಗ, ಕಟ್ಟಡಕ್ಕೆಂದು ಕೊಟ್ಟ ರಾಜನ ಹಣ ಬಡವರಿಗೆ ಹೋದ ಕಥೆಯನ್ನು ಹೇಳುವ ಕಿಟಕಿ ಅದು. ಆ ಪ್ರಶ್ನೆ ತಮ್ಮದೇ ಊರಿನದೆಂದು ನೋಡುವವರಿಗೆ ತಟ್ಟಬೇಕಾದರೆ ಅರಸನೂ ತಮ್ಮ ಅರಸನಂತೆಯೇ ಇರಬೇಕಾಗುತ್ತದೆ.

ಗುಂಡಫರ ಕೇವಲ ಕಥೆಯ ಅರಸನಲ್ಲ. ಈ ಹೆಸರಿನ ಇಂಡೋ-ಪಾರ್ಥಿಯನ್ ದೊರೆಯ ನಾಣ್ಯಗಳು 19ನೇ ಶತಮಾನದಲ್ಲಿ ಭಾರತದ ವಾಯವ್ಯ ಭಾಗದಲ್ಲಿ ಬೆಳಕಿಗೆ ಬಂದವು; ಇಂದಿನ ಪಾಕಿಸ್ತಾನದ ತಖ್ತ್-ಎ-ಬಾಹಿಯಲ್ಲಿ ದೊರೆತ ಶಾಸನವೊಂದು ಅವನ ಆಳ್ವಿಕೆಯ 26ನೇ ವರ್ಷವನ್ನು ಹೆಸರಿಸುತ್ತದೆ. ಅವನು 1ನೇ ಶತಮಾನದವನು. ಆದರೆ ಅವನ ರಾಜ್ಯ ತಕ್ಷಶಿಲೆಯ ಕಡೆಯದು, ಮಲಬಾರಿನದಲ್ಲ. ತೋಮಸರು ಕ್ರಿ.ಶ. 52ರಲ್ಲಿ ಕೊಡುಂಗಲ್ಲೂರಿನ ಬಳಿ ಬಂದಿಳಿದು ಮೈಲಾಪುರದಲ್ಲಿ ಪ್ರಾಣತೆತ್ತರೆಂಬ ನಿಮ್ಮ ಹಿರಿಯರ ಪರಂಪರೆ ಬೇರೆಯದು. ಫ್ರಾನ್ಸಿನ ಕಿಟಕಿಗಳು ಹೇಳುವುದು ಗುಂಡಫರನ ಕಥೆಯನ್ನು.

ಪ್ರಶ್ನೆ: ಕೊಂಬುಗಳ ನಡುವೆ ಶಿಲುಬೆಯಿರುವ ಜಿಂಕೆಯ ಚಿತ್ರವನ್ನು ನೋಡಿದ್ದೇನೆ. ಅದು ಬೇಟೆಗಾರರ ಸಂತರದೆಂದು ಯಾರೋ ಹೇಳಿದರು. ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬ ಆಚರಿಸುವ ನಮಗೆ ಇದರ ಬಗ್ಗೆ ಕುತೂಹಲ. ಇಂಥ ಸಂತರು ನಿಜವಾಗಿ ಇದ್ದರೇ?
ಓದುಗರು, ನಾಪೋಕ್ಲು

ಉತ್ತರ: ಅವರು ಸಂತ ಯೂಸ್ಟಸ್. ಐತಿಹಾಸಿಕ ವ್ಯಕ್ತಿಯೆಂದು ಹೇಳಲು ಆಧಾರಗಳಿಲ್ಲ. ಕಥೆಯಂತೂ ಮಧ್ಯಯುಗದಲ್ಲಿ ಮನೆಮಾತಾಗಿತ್ತು. ರೋಮಿನ ಟ್ರಾಜನ್ ಚಕ್ರವರ್ತಿಯ ಸೇನಾಧಿಪತಿ ಪ್ಲಾಸಿಡಸ್ ಬೇಟೆಗೆ ಹೋದಾಗ, ಅವನು ಅಟ್ಟಿಸಿಕೊಂಡು ಹೋದ ಸಾರಂಗ ತಿರುಗಿ ನಿಂತಿತು. ಅದರ ಕವಲುಗೊಂಬುಗಳ ನಡುವೆ ಶಿಲುಬೆ ಹೊಳೆಯಿತು. ಅವನು ಕುಟುಂಬಸಮೇತ ದೀಕ್ಷೆ ಪಡೆದು ಯೂಸ್ಟಸ್ ಎಂಬ ಹೆಸರು ತಾಳಿದನು. ಅನಂತರ ಕಷ್ಟಗಳ ಸರಮಾಲೆ ಶುರುವಾಯಿತು. ಆಸ್ತಿ ಹೋಯಿತು, ಹೆಂಡತಿಯನ್ನು ಹಡಗಿನವನು ಕಸಿದುಕೊಂಡನು, ಹೊಳೆ ದಾಟಿಸುವಾಗ ಒಬ್ಬ ಮಗನನ್ನು ಸಿಂಹವೂ ಇನ್ನೊಬ್ಬನನ್ನು ತೋಳವೂ ಹೊತ್ತೊಯ್ದವು. ವರ್ಷಗಳ ಮೇಲೆ ಎಲ್ಲರೂ ಮತ್ತೆ ಕೂಡಿದರಾದರೂ, ರೋಮಿನ ದೇವತೆಗಳಿಗೆ ಬಲಿ ಕೊಡಲು ಒಪ್ಪದ ಕಾರಣ ಕಂಚಿನ ಎತ್ತಿನೊಳಗೆ ಇಡೀ ಕುಟುಂಬವನ್ನು ಸುಡಲಾಯಿತು.

ಶಾರ್ತ್ರ್‌ನ ಯೂಸ್ಟಸ್ ಕಿಟಕಿ ಆ ಕೆಥೆಡ್ರಲ್‌ನ ಅತ್ಯುತ್ತಮ ಕಿಟಕಿಗಳಲ್ಲಿ ಒಂದೆಂದು ಹೆಸರಾದದ್ದು, 13ನೇ ಶತಮಾನದ ಮೊದಲ ದಶಕಗಳದ್ದು. ಬೇಟೆಯನ್ನು ಬಲ್ಲವರು ಅದರ ಕೆಳಭಾಗವನ್ನು ವಿಶೇಷವಾಗಿ ಗಮನಿಸಬೇಕು. ಓಡುವ ಕುದುರೆ, ಕೊಂಬೂದುವ ಸವಾರ, ಸಾರಂಗದ ಬೆನ್ನಟ್ಟಿದ ನಾಯಿಗಳು, ಎಲ್ಲವೂ ನೀಲಿಯ ಹಿನ್ನೆಲೆಯಲ್ಲಿ ಚೌಕಟ್ಟಿಗೆ ಒತ್ತಿಕೊಂಡು ನಿಂತಿವೆ. ಬೇಟೆಯನ್ನು ಕಣ್ಣಾರೆ ನೋಡಿ ಬಲ್ಲವರ ಕೈ ಅದೆಂದು ಸಂಶಯವಿಲ್ಲದೆ ಹೇಳಬಹುದು. ಇದೇ ಕಿಟಕಿಯಲ್ಲಿ ಬಟ್ಟೆ ವ್ಯಾಪಾರಿಗಳೂ ತುಪ್ಪಳದ ವ್ಯಾಪಾರಿಗಳೂ ತಮ್ಮ ಸರಕಿನೊಂದಿಗೆ ಕಾಣಿಸಿಕೊಳ್ಳುತ್ತಾರೆ. ಬೇಟೆಯ ಸಂತರ ಕಿಟಕಿಯಲ್ಲಿ ತುಪ್ಪಳ ಮಾರುವವರಿಗೆ ಜಾಗ ಸಿಕ್ಕಿದ್ದು ಸಹಜವೇ. ನೀವು ನೋಡಿದ ಚಿತ್ರದಲ್ಲಿದ್ದವರು ಬಿಷಪ್ ಉಡುಪಿನಲ್ಲಿದ್ದರೆ ಅವರು ಸಂತ ಹ್ಯೂಬರ್ಟ್ ಆಗಿರಬಹುದು. ಜಿಂಕೆಯ ಪ್ರಸಂಗ ಯೂಸ್ಟಸರ ಕಥೆಯಿಂದ ಮಧ್ಯಯುಗದ ಕೊನೆಯ ಭಾಗದಲ್ಲಿ ಅವರ ಕಥೆಗೂ ಸೇರಿಕೊಂಡಿತು.

ಪ್ರಶ್ನೆ: ಓದು ಬಾರದ ಜನರಿಗೆ ಬೈಬಲನ್ನೂ ಸಂತರ ಚರಿತ್ರೆಯನ್ನೂ ಕಲಿಸುವುದಕ್ಕಾಗಿ ಈ ಕಿಟಕಿಗಳನ್ನು ಮಾಡಿದರೆಂದು ನಮ್ಮ ಪಠ್ಯದಲ್ಲಿದೆ. ಇದನ್ನು ಹಾಗೆಯೇ ಉತ್ತರಪತ್ರಿಕೆಯಲ್ಲಿ ಬರೆಯಬಹುದೇ?
ಪದವಿ ವಿದ್ಯಾರ್ಥಿನಿ, ಮಡಿಕೇರಿ

ಉತ್ತರ: ಬರೆದರೆ ಅಂಕ ಸಿಗಬಹುದು, ಆದರೆ ವಿಷಯ ಅಷ್ಟು ಸರಳವಲ್ಲ. ಈ ಮಾತಿನ ಬೇರು ಕ್ರಿ.ಶ. 600ರ ಸುಮಾರಿಗೆ ಪೋಪ್ ಗ್ರೆಗರಿ ಅವರು ಮಾರ್ಸೇಲ್ಸ್‌ನ ಬಿಷಪ್ ಸೆರೆನಸ್‌ಗೆ ಬರೆದ ಪತ್ರಗಳಲ್ಲಿದೆ. ಜನ ಚಿತ್ರಗಳನ್ನೇ ಪೂಜಿಸುತ್ತಾರೆಂದು ಸೆರೆನಸ್ ಅವುಗಳನ್ನು ಒಡೆದುಹಾಕಿಸಿದ್ದನು. ಗ್ರಂಥ ಓದಲಾರದವರು ಗೋಡೆಯ ಮೇಲಿನ ಚಿತ್ರಗಳಲ್ಲಿ ಓದುತ್ತಾರೆ, ಅವನ್ನು ಒಡೆಯಬಾರದಿತ್ತು ಎಂದು ಗ್ರೆಗರಿ ತಿಳಿಹೇಳಿದರು. ಕಥೆ ಹೇಳುವ ದೊಡ್ಡ ಗಾಜಿನ ಕಿಟಕಿಗಳು ಬಂದದ್ದು ಅದಾಗಿ ಐದು ಶತಮಾನ ಕಳೆದ ಮೇಲೆ. ಪ್ಯಾರಿಸಿನ ಬಳಿಯ ಸಾಂ ದೆನಿ ಮಠದಲ್ಲಿ 1144ರಲ್ಲಿ ಹೊಸ ಗರ್ಭಾಂಗಣವನ್ನು ಬಣ್ಣದ ಗಾಜಿನಿಂದ ತುಂಬಿಸಿದ ಮಠಾಧಿಪತಿ ಸೂಜೇ ತನ್ನ ಕಿಟಕಿಗಳಿಗೆ ಲ್ಯಾಟಿನ್ ಪದ್ಯಗಳನ್ನು ರಚಿಸಿದನು. ಓದು ಬಾರದವರಿಗಾಗಿಯೇ ಮಾಡಿದ ಕಿಟಕಿಯಾಗಿದ್ದರೆ ಲ್ಯಾಟಿನ್ ಪದ್ಯ ಯಾರಿಗಾಗಿ? ಅದಲ್ಲದೆ ಅನೇಕ ಕಿಟಕಿಗಳ ಮೇಲ್ಭಾಗದ ಫಲಕಗಳು ನೆಲದಿಂದ ಎಷ್ಟು ಎತ್ತರದಲ್ಲಿವೆಯೆಂದರೆ, ಕಥೆ ಮೊದಲೇ ಗೊತ್ತಿಲ್ಲದವರಿಗೆ ಅಲ್ಲಿ ಬಣ್ಣವಲ್ಲದೆ ಬೇರೇನೂ ತಿಳಿಯುವುದಿಲ್ಲ. ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ, ಎಡದಿಂದ ಬಲಕ್ಕೆ ಅವುಗಳನ್ನು ಓದಬೇಕು, ಆದರೆ ಈ ಕ್ರಮವನ್ನು ಮುರಿಯುವ ಕಿಟಕಿಗಳೂ ಸಾಕಷ್ಟಿವೆ.

ಯಾರಿಗಾಗಿ ಎಂಬ ಪ್ರಶ್ನೆಗೆ ಒಂದೇ ಉತ್ತರ ಸಾಲದು; ಒಂದು ಉದಾಹರಣೆಯನ್ನು ಮಾತ್ರ ಹತ್ತಿರದಿಂದ ನೋಡೋಣ. ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ ಅವರನ್ನು ದೊರೆ 2ನೇ ಹೆನ್ರಿಯ ನಾಲ್ವರು ಯೋಧರು 1170ರ ಡಿಸೆಂಬರ್ 29ರಂದು ಅವರ ಕೆಥೆಡ್ರಲ್‌ನೊಳಗೇ ಕೊಂದರು. 1173ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. 1174ರ ಬೆಂಕಿಯಲ್ಲಿ ಕಟ್ಟಡದ ಪೂರ್ವಭಾಗ ಸುಟ್ಟಾಗ, ಹೊಸದಾಗಿ ಕಟ್ಟಿದ ಟ್ರಿನಿಟಿ ಪ್ರಾರ್ಥನಾಲಯದಲ್ಲಿ ಅವರ ಸಮಾಧಿಗೆ ಜಾಗ ಮಾಡಿ, 1220ರಲ್ಲಿ ಅವಶೇಷಗಳನ್ನು ಅಲ್ಲಿಗೆ ತರಲಾಯಿತು. ಸಮಾಧಿಯ ಸುತ್ತಲೂ 12 ಕಿಟಕಿಗಳಲ್ಲಿ ಬೆಕೆಟರ ಚರಿತ್ರೆಯನ್ನೂ, ಅದಕ್ಕಿಂತ ಹೆಚ್ಚಾಗಿ ಅವರ ಪವಾಡಗಳನ್ನೂ ತುಂಬಿಸಿದರು. ಬೆನೆಡಿಕ್ಟ್ ಮತ್ತು ವಿಲಿಯಂ ಎಂಬ ಇಬ್ಬರು ಸನ್ಯಾಸಿಗಳು ಯಾತ್ರಿಕರ ಬಾಯಿಂದ ಕೇಳಿ ಬರೆದಿಟ್ಟ ಘಟನೆಗಳೇ ಆ ಪವಾಡಗಳು. ಈ ಕಿಟಕಿಗಳು ನೆಲಕ್ಕೆ ಹತ್ತಿರದಲ್ಲಿವೆ, ಪ್ರದಕ್ಷಿಣೆ ಬರುವವರ ಕಣ್ಣಿಗೆ ಸಲೀಸಾಗಿ ಸಿಗುತ್ತವೆ. ಅವುಗಳಲ್ಲಿರುವ ಜನ ದೊರೆಗಳಲ್ಲ. ಕುಷ್ಠರೋಗಿಗಳು, ಹುಚ್ಚು ಹಿಡಿದವರು, ಮಗುವನ್ನು ಕಳೆದುಕೊಂಡ ತಂದೆತಾಯಿಗಳು. ಸಾಲದ ಜಗಳದಲ್ಲಿ ನೆರೆಯವನ ಮನೆ ಒಡೆದು ಒಂದು ಸಾಣೆಕಲ್ಲನ್ನೂ ಕೈಗವಸನ್ನೂ ಕದ್ದ ಐಲ್ವರ್ಡ್ ಎಂಬ ಬಡವನಿಗೆ ಕಣ್ಣು ಕೀಳಿಸುವ ಶಿಕ್ಷೆಯಾದದ್ದು, ಬೆಕೆಟ್ ಕನಸಿನಲ್ಲಿ ಬಂದು ಅವನಿಗೆ ದೃಷ್ಟಿ ಕೊಟ್ಟದ್ದು ಅಲ್ಲಿದೆ.

ಆ ಸಾಲಿನಲ್ಲಿ ಹೆಚ್ಚು ಹೊತ್ತು ನಿಲ್ಲಿಸುವುದು ಜೋರ್ಡನ್ ಫಿಟ್ಸ್-ಐಸಲ್ಫ್ ಎಂಬ ಶ್ರೀಮಂತನ ಮನೆಯ ಕಥೆ. ಮನೆಗೆ ಸಾಂಕ್ರಾಮಿಕ ರೋಗ ಹೊಕ್ಕು ಮೊದಲು ದಾದಿ, ಆಮೇಲೆ ಹತ್ತು ವರ್ಷದ ಮಗ ಸಾಯುತ್ತಾರೆ. ಬೆಕೆಟರ ಸಮಾಧಿಯ ತೀರ್ಥವನ್ನು ಬಾಯಿಗೆ ಬಿಟ್ಟಾಗ ಹುಡುಗ ಎದ್ದು ಕೂರುತ್ತಾನೆ. ತಂದೆ ಇಂತಿಷ್ಟು ದಿನದೊಳಗೆ ಕ್ಯಾಂಟರ್ಬರಿಗೆ ಬಂದು ಕಾಣಿಕೆ ಒಪ್ಪಿಸುತ್ತೇನೆಂದು ಹರಕೆ ಹೊರುತ್ತಾನೆ, ಆದರೆ ಸಲ್ಲಿಸದೆ ಮುಂದೂಡುತ್ತಾನೆ. ಹರಕೆ ನೆನಪಿಸುವಂತೆ ಸಂತರು ಒಬ್ಬ ಕುಷ್ಠರೋಗಿಯ ಮೂಲಕ ಹೇಳಿಕಳುಹಿಸಿದರೂ ದಿನ ಮೀರುತ್ತದೆ. ಮುಂದಿನ ಫಲಕದಲ್ಲಿ ಶವದ ಸುತ್ತ ಮನೆಯವರು ಅಳುತ್ತಿರುವಾಗ, ಅವರ ತಲೆಯ ಮೇಲೆ ಸಂತರೇ ಕೈಯಲ್ಲಿ ಕತ್ತಿ ಹಿಡಿದು ಕಾಣಿಸಿಕೊಂಡಿದ್ದಾರೆ. ಈ ಬಾರಿ ಸತ್ತವನು ಹಿರಿಯ ಮಗ, ಅವನು ಮರಳಿ ಬರುವುದಿಲ್ಲ. ಕೊನೆಯ ಫಲಕದಲ್ಲಿ ತಂದೆ ಸಮಾಧಿಯ ಮೇಲೆ ಬಟ್ಟಲಿನಿಂದ ನಾಣ್ಯಗಳನ್ನು ಸುರಿಯುತ್ತಾನೆ. ಸಮಾಧಿಯ ಎದುರು ನಿಂತು ಈ ಕಿಟಕಿಯನ್ನು ನೋಡುವ ಯಾತ್ರಿಕನಿಗೆ ಅಕ್ಷರಜ್ಞಾನದ ಕೊರತೆಯೇನೂ ಅಡ್ಡಿಯಾಗುತ್ತಿರಲಿಲ್ಲ. ಹೊತ್ತ ಹರಕೆಯನ್ನು ತೀರಿಸದಿದ್ದರೆ ಏನಾಗುತ್ತದೆಂಬುದನ್ನು ತಿಳಿಯಲು ಕೊಡಗಿನಲ್ಲಿಯೂ ಯಾರಿಗೂ ಭಾಷ್ಯ ಬೇಕಾಗಿಲ್ಲ.

8ನೇ ಹೆನ್ರಿ 1538ರಲ್ಲಿ ಆ ಸಮಾಧಿಯನ್ನು ನೆಲಸಮ ಮಾಡಿಸಿ ಸಂಪತ್ತನ್ನು ಸಾಗಿಸಿದನು, ಬೆಕೆಟರ ಹೆಸರನ್ನು ಗ್ರಂಥಗಳಿಂದಲೂ ಅಳಿಸಲು ಆಜ್ಞೆಯಾಯಿತು. ಅನಂತರ 1640ರ ದಶಕದ ಅಂತರ್ಯುದ್ಧದ ಕಾಲದಲ್ಲಿ ರಿಚರ್ಡ್ ಕಲ್ಮರ್ ಎಂಬ ಪ್ಯೂರಿಟನ್ (ಚರ್ಚಿನಲ್ಲಿ ಚಿತ್ರಗಳಿರಬಾರದೆನ್ನುವ ಕಟ್ಟಾ ಪ್ರೊಟೆಸ್ಟಂಟ್ ಪಂಥದ) ಬೋಧಕ ಎತ್ತರದ ಏಣಿ ಹತ್ತಿ ಉದ್ದನೆಯ ಈಟಿಯಿಂದ ಅದೇ ಕೆಥೆಡ್ರಲ್‌ನ ಗಾಜುಗಳನ್ನು ಒಡೆದನು, ಅದನ್ನು ಹೆಮ್ಮೆಯಿಂದ ಬರೆದೂ ಇಟ್ಟನು. ಇಷ್ಟೆಲ್ಲ ಆದಮೇಲೂ ಪವಾಡದ ಕಿಟಕಿಗಳ ಗಾಜು ಗಣನೀಯ ಪ್ರಮಾಣದಲ್ಲಿ ಉಳಿದಿದೆ. ನಡುನಡುವೆ ಕೆಲವು ಫಲಕಗಳು ಮಾತ್ರ 19 ಮತ್ತು 20ನೇ ಶತಮಾನಗಳಲ್ಲಿ ದುರಸ್ತಿ ಮಾಡಿದವರ ಹೊಸ ಕೆಲಸ. ನಿಮ್ಮ ಉತ್ತರಪತ್ರಿಕೆಯಲ್ಲಿ ಪಠ್ಯದ ವಾಕ್ಯವನ್ನು ಬರೆದು, ಕೆಳಗೆ ಕ್ಯಾಂಟರ್ಬರಿಯ ಉದಾಹರಣೆಯನ್ನು ಸೇರಿಸಿ.

ಪ್ರಶ್ನೆ: ಈ ಕಿಟಕಿಗಳಲ್ಲಿ ಬಿಳಿಗಾಜಿನ ಮೇಲೆ ಬಣ್ಣ ಹಚ್ಚುತ್ತಿದ್ದರೇ, ಗಾಜೇ ಬಣ್ಣದ್ದೇ?
ಗಾಜು ಮತ್ತು ಅಲ್ಯೂಮಿನಿಯಂ ಕೆಲಸದವರು, ಕುಶಾಲನಗರ

ಉತ್ತರ: ಗಾಜೇ ಬಣ್ಣದ್ದು. ಥಿಯೋಫಿಲಸ್ ಎಂಬ ಸನ್ಯಾಸಿ 12ನೇ ಶತಮಾನದ ಆರಂಭದಲ್ಲಿ ಬರೆದ ಕೈಪಿಡಿಯೊಂದು ಈ ಕೆಲಸವನ್ನು ಹಂತಹಂತವಾಗಿ ವಿವರಿಸುತ್ತದೆ. ಬೀಚ್ ಮರದ ಬೂದಿ ಎರಡು ಪಾಲು, ಶುದ್ಧವಾದ ಮರಳು ಒಂದು ಪಾಲು ಸೇರಿಸಿ ಕುಲುಮೆಯಲ್ಲಿ ಕರಗಿಸಬೇಕು. ನೀಲಿಗೆ ಕೋಬಾಲ್ಟ್, ಕೆಂಪಿಗೂ ಹಸಿರಿಗೂ ತಾಮ್ರ, ನೇರಳೆಗೆ ಮ್ಯಾಂಗನೀಸ್. ತಾಮ್ರದ ಕೆಂಪು ಬಹಳ ಗಾಢವಾಗಿ ಬೆಳಕನ್ನೇ ತಡೆಯುತ್ತಿತ್ತು. ಆದ್ದರಿಂದ ಬಿಳಿಗಾಜಿನ ಮೇಲೆ ಕೆಂಪಿನ ತೆಳುವಾದ ಪದರ ಕೂರುವಂತೆ ಊದುತ್ತಿದ್ದರು.

ಸುಣ್ಣ ಬಳಿದ ಹಲಗೆಯ ಮೇಲೆ ಕಿಟಕಿಯ ಪೂರ್ಣ ಅಳತೆಯ ನಕ್ಷೆ ಬರೆದು, ಅದರ ಮೇಲೆ ಗಾಜನ್ನಿಟ್ಟು ಗುರುತು ಮಾಡಿ, ಕಾದ ಕಬ್ಬಿಣದಿಂದ ಬಿರುಕು ಬಿಡಿಸಿ ಕತ್ತರಿಸುತ್ತಿದ್ದರು. ನೀವು ಬಳಸುವ ಚಕ್ರದ ಕಟ್ಟರ್ ಆಗ ಇರಲಿಲ್ಲ. ಅಂಚನ್ನು ಕಚ್ಚುಳ್ಳ ಕಬ್ಬಿಣದಿಂದ ಕಚ್ಚಿ ಕಚ್ಚಿ ಆಕಾರಕ್ಕೆ ತರಬೇಕಿತ್ತು. ಮುಖದ ಗೆರೆ, ಬಟ್ಟೆಯ ಮಡಿಕೆ, ಬೆರಳುಗಳು, ಇವಕ್ಕೆ ಮಾತ್ರ ಬಣ್ಣ ಹಚ್ಚುತ್ತಿದ್ದದ್ದು. ಲೋಹದ ಪುಡಿ ಮತ್ತು ಅರೆದ ಗಾಜನ್ನು ದ್ರಾಕ್ಷಾರಸದಲ್ಲೋ ಮೂತ್ರದಲ್ಲೋ ಕಲಸಿದ ಕಂದುಬಣ್ಣ ಅದು. ಒಲೆಯಲ್ಲಿ ಸುಟ್ಟಾಗ ಗಾಜಿಗೇ ಬೆಸೆದುಕೊಳ್ಳುತ್ತದೆ. ಅಕ್ಷರಗಳನ್ನು ಬರೆಯುತ್ತಿರಲಿಲ್ಲ, ಇಡೀ ಪಟ್ಟಿಗೆ ಬಣ್ಣ ಬಳಿದು ಕುಂಚದ ಹಿಡಿಯ ತುದಿಯಿಂದ ಕೆರೆದು ತೆಗೆಯುತ್ತಿದ್ದರು, ಆಗ ಕತ್ತಲ ನಡುವೆ ಅಕ್ಷರ ಮಾತ್ರ ಬೆಳಗುತ್ತದೆ. ಬೆಳ್ಳಿಯ ಸಂಯುಕ್ತವನ್ನು ಹಚ್ಚಿ ಸುಟ್ಟು ಹಳದಿ ಬರಿಸುವ ವಿಧಾನ 1300ರ ನಂತರ ಹರಡಿತು. ಒಂದೇ ಗಾಜಿನ ತುಂಡಿನಲ್ಲಿ ಸಂತರ ಬಿಳಿಯ ಮುಖವನ್ನೂ ಹೊಂಬಣ್ಣದ ಪ್ರಭಾವಳಿಯನ್ನೂ ಮಾಡಲು ಆಗಲೇ ಸಾಧ್ಯವಾದದ್ದು. ಯಾರ್ಕ್ ಕೆಥೆಡ್ರಲ್‌ನ 15ನೇ ಶತಮಾನದ ಸಂತ ವಿಲಿಯಂ ಮತ್ತು ಸಂತ ಕತ್‌ಬರ್ಟ್ ಕಿಟಕಿಗಳು ಶಾರ್ತ್ರ್‌ಗಿಂತ ಹೆಚ್ಚು ಬಿಳಿ-ಹಳದಿಯಾಗಿ ಕಾಣುವುದಕ್ಕೆ ಇದು ಒಂದು ಕಾರಣ. ತುಂಡುಗಳನ್ನು ಎರಡೂ ಕಡೆ ತೋಡು ಇರುವ ಸೀಸದ ಪಟ್ಟಿಗಳಲ್ಲಿ ಕೂರಿಸಿ, ಕೂಡುವಲ್ಲಿ ಬೆಸುಗೆ ಹಾಕಿ, ಕಬ್ಬಿಣದ ಸರಳುಗಳಿಗೆ ಕಟ್ಟುತ್ತಿದ್ದರು.

ಪ್ರಶ್ನೆ: ಗಾಜು ನಿಜವಾಗಿ ದ್ರವ, ಶತಮಾನಗಳಲ್ಲಿ ನಿಧಾನವಾಗಿ ಕೆಳಕ್ಕೆ ಹರಿಯುವುದರಿಂದ ಹಳೆಯ ಕಿಟಕಿಗಳ ಗಾಜು ಬುಡದಲ್ಲಿ ದಪ್ಪ ಎಂಬುದು ಸರಿಯೇ?
ವಿಜ್ಞಾನ ಶಿಕ್ಷಕರು, ಸೋಮವಾರಪೇಟೆ

ಉತ್ತರ: ಸರಿಯಲ್ಲ. ಊದಿ ಮಾಡಿದ ಗಾಜಿನ ಹಾಳೆ ಹುಟ್ಟುವಾಗಲೇ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಬುಡದಲ್ಲಿ ತೆಳುವಾಗಿರುವ ಹಳೆಯ ಗಾಜುಗಳೂ ಇವೆ.

ಪ್ರಶ್ನೆ: ನಮ್ಮ ತೋಟದಲ್ಲಿ ಬ್ರಿಟಿಷರ ಕಾಲದ ಒಂದು ಚಿಕ್ಕ ಪ್ರಾರ್ಥನಾಲಯವಿದೆ. ಅದರ ಬಣ್ಣದ ಗಾಜಿನಲ್ಲಿ ಒಬ್ಬ ಸಂತರು ತಮ್ಮ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಭಿಕ್ಷುಕನಿಗೆ ಕೊಡುತ್ತಿರುವ ಚಿತ್ರವಿದೆ. ಇದು ಮಧ್ಯಯುಗದ್ದಾಗಿರಬಹುದೇ? ಮಳೆಗಾಲದಲ್ಲಿ ನೀರು ಜಿನುಗಿ ಫಲಕ ಹೊಟ್ಟೆಯುಬ್ಬಿದಂತೆ ಬಾಗಿದೆ. ಗುತ್ತಿಗೆದಾರರೊಬ್ಬರು ಸಿಮೆಂಟ್ ಬಳಿದು ಸರಿಪಡಿಸುತ್ತೇನೆ, ಇಲ್ಲವೇ ತೆಗೆದು ಅಕ್ರಿಲಿಕ್ ಹಾಕುತ್ತೇನೆ ಎನ್ನುತ್ತಾರೆ.
ತೋಟದ ಮಾಲೀಕರು, ಪೊಲಿಬೆಟ್ಟ

ಉತ್ತರ: ಚಿತ್ರದಲ್ಲಿರುವವರು ತೂರ್ ಪಟ್ಟಣದ ಸಂತ ಮಾರ್ಟಿನ್. ರೋಮನ್ ಸೈನ್ಯದಲ್ಲಿದ್ದಾಗ ಆಮಿಯೆನ್ ಪಟ್ಟಣದ ಬಾಗಿಲಲ್ಲಿ ಚಳಿಯಿಂದ ನಡುಗುತ್ತಿದ್ದ ಭಿಕ್ಷುಕನಿಗೆ ಅರ್ಧ ಮೇಲಂಗಿ ಕೊಟ್ಟ ಪ್ರಸಂಗ ಅದು. ಮಧ್ಯಯುಗದ ಕಿಟಕಿಗಳಲ್ಲಿ ಬಹಳ ಸಲ ಬಂದಿರುವಂಥದ್ದು. ನಿಮ್ಮ ಗಾಜು ಮಾತ್ರ ಮಧ್ಯಯುಗದ್ದಾಗಿರಲಾರದು. ಮಡಿಕೇರಿ ಕೋಟೆಯೊಳಗಿನ, ಈಗ ವಸ್ತುಸಂಗ್ರಹಾಲಯವಾಗಿರುವ ಚರ್ಚ್ ಕೂಡ 1850ರ ದಶಕದ್ದು. 19ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಗೋಥಿಕ್ ಶೈಲಿ ಮತ್ತೆ ಚಾಲ್ತಿಗೆ ಬಂದು, ಮಧ್ಯಯುಗದ ಮಾದರಿಯ ಗಾಜು ಅಲ್ಲಿನ ಕಾರ್ಯಾಗಾರಗಳಲ್ಲಿ ಹೇರಳವಾಗಿ ತಯಾರಾಗಿ ಹಡಗುಗಳಲ್ಲಿ ವಸಾಹತುಗಳಿಗೆ ಬರುತ್ತಿತ್ತು. ನಿಮ್ಮದು ಅಂಥದ್ದೇ ಇರಬೇಕು.

ಇದರಲ್ಲಿ ನಿಮಗೆ ಒಂದು ಲಾಭವೂ ಇದೆ. ಮರದ ಬೂದಿಯ ಪೊಟ್ಯಾಷ್‌ನಿಂದ ಮಾಡಿದ ಮಧ್ಯಯುಗದ ಗಾಜಿನ ದೊಡ್ಡ ಶತ್ರು ತೇವ. ನೀರು ಅದರಲ್ಲಿನ ಕ್ಷಾರವನ್ನು ಎಳೆದುಕೊಂಡು ಹೊರಮೈಯಲ್ಲಿ ಸಣ್ಣ ಸಣ್ಣ ಗುಳಿಗಳನ್ನೂ ಮಂಕಾದ ಹಕ್ಕಳೆಯನ್ನೂ ಉಂಟುಮಾಡುತ್ತದೆ. ಶಾರ್ತ್ರ್‌ನ 12ನೇ ಶತಮಾನದ ನೀಲಿಗಾಜಿನಲ್ಲಿ ಕೆಲವು ಸೋಡಾ ಬೆರೆತದ್ದಾದ್ದರಿಂದಲೇ ಅಕ್ಕಪಕ್ಕದ ಗಾಜಿಗಿಂತ ಚೆನ್ನಾಗಿ ಉಳಿದುಕೊಂಡವು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಡಿಕೇರಿಯ ಹವೆಯಲ್ಲಿ 13ನೇ ಶತಮಾನದ ಕಿಟಕಿಯೊಂದು ಏನಾಗುತ್ತಿತ್ತೆಂದು ಯೋಚಿಸಲೂ ಭಯವಾಗುತ್ತದೆ. 19ನೇ ಶತಮಾನದ ಗಾಜು ಸಾಮಾನ್ಯವಾಗಿ ಅದಕ್ಕಿಂತ ಗಟ್ಟಿ. ನಿಮ್ಮಲ್ಲಿ ಸೋತಿರುವುದು ಬಹುಶಃ ಗಾಜಲ್ಲ, ಸೀಸದ ಪಟ್ಟಿ, ಒಣಗಿ ಉದುರಿದ ಪುಟ್ಟಿ ಮತ್ತು ತುಕ್ಕು ಹಿಡಿದು ಉಬ್ಬಿದ ಸರಳುಗಳು.

ಸಿಮೆಂಟ್ ಖಂಡಿತ ಬೇಡ. ಅದು ಬಿಗಿದು ಕೂತಮೇಲೆ ಗಾಜು ಬಿಸಿಲಿಗೆ ಹಿಗ್ಗಿದಾಗ ಸೀಳುತ್ತದೆ, ಮುಂದೆ ಬಿಡಿಸಲೂ ಬರುವುದಿಲ್ಲ. ಆಸಿಡ್ ಹಾಕಿ ತೊಳೆಯುವುದು, ಒರಟಾದ ಬಟ್ಟೆಯಿಂದ ಉಜ್ಜುವುದು, ವಾರ್ನಿಷ್ ಬಳಿಯುವುದು ಸಹ ಬೇಡ, ಸರಿಯಾಗಿ ಸುಡದ ಬಣ್ಣದ ಗೆರೆಗಳಿದ್ದರೆ ಮಾರ್ಟಿನರ ಮುಖವೇ ಎದ್ದುಹೋಗುತ್ತದೆ. ಮೊದಲು ಒಳಗಿನಿಂದಲೂ ಹೊರಗಿನಿಂದಲೂ ಫಲಕದ ಸ್ಪಷ್ಟವಾದ ಛಾಯಾಚಿತ್ರಗಳನ್ನು ತೆಗೆಸಿ, ಬಿದ್ದ ಚೂರು ಎಷ್ಟೇ ಚಿಕ್ಕದಾದರೂ ಲಕೋಟೆಯಲ್ಲಿ ಹಾಕಿ ಯಾವ ಜಾಗದ್ದೆಂದು ಬರೆದಿಡಿ. ಫಲಕವನ್ನು ಇಳಿಸಿ ಸೀಸವನ್ನು ಹೊಸದಾಗಿ ಹಾಕುವುದು ಬಣ್ಣದ ಗಾಜಿನ ಸಂರಕ್ಷಣೆ ಬಲ್ಲವರ ಕೆಲಸ. ಬಾಗು ಅಲ್ಪವಾಗಿದ್ದರೆ ಸರಳುಗಳನ್ನು ಬದಲಾಯಿಸಿ ಕಟ್ಟುಗಳನ್ನು ಬಿಗಿಮಾಡಿದರೂ ಸಾಕಾದೀತು. ಯುರೋಪಿನಲ್ಲಿ ಈಗ ಹಳೆಯ ಗಾಜಿನ ಹೊರಗಡೆ ಸಾದಾ ಗಾಜಿನ ಇನ್ನೊಂದು ಕಿಟಕಿ ಕೂರಿಸಿ, ನಡುವೆ ಒಳಗಿನ ಗಾಳಿ ಆಡುವಂತೆ ಸಂದು ಬಿಡುತ್ತಾರೆ. ಅದೇ ವಿಧಾನ ನಿಮಗೂ ಒಪ್ಪುತ್ತದೆ, ಆದರೆ ಗಾಳಿಯ ಸಂದನ್ನು ಮುಚ್ಚಿದರೆ ಒಳಗೆ ತೇವ ನಿಂತು ಮೊದಲಿಗಿಂತ ಕೆಡುತ್ತದೆಂಬುದನ್ನು ಕೆಲಸದವರಿಗೆ ಒತ್ತಿ ಹೇಳಿ. ಅಗಸೆ ಎಣ್ಣೆಯ ಪುಟ್ಟಿ ಗಟ್ಟಿಯಾಗಲು ವಾರಗಳೇ ಬೇಕಾಗುವುದರಿಂದ ಇದನ್ನೆಲ್ಲ ಡಿಸೆಂಬರಿನಿಂದ ಫೆಬ್ರವರಿಯೊಳಗೆ ಮುಗಿಸುವುದು ಒಳ್ಳೆಯದು. ಅಲ್ಲಿಯವರೆಗೆ ಹೊರಗಡೆ, ಗಾಜಿಗೆ ತಾಗದಂತೆ, ಒಂದು ಇಳಿಜಾರು ತಗಡನ್ನು ಕಟ್ಟಿಸಿ.